ಬೆರಳು ಕುಗ್ಗದು, ಜಾಗ ಕುಗ್ಗಬೇಕು

ಸಾಧನ ಎಷ್ಟೇ ಕಿರಿದಾದರೂ ಅದನ್ನು ಮುಟ್ಟುವ ಬೆರಳು ಮಾತ್ರ ಹಿಂದಿದ್ದಷ್ಟೇ ಇದೆ. ಟ್ರಾನ್ಸಿಸ್ಟರನ್ನು ಸಾವಿರಾರು ಪಟ್ಟು ಕುಗ್ಗಿಸಿದ ಉದ್ಯಮಕ್ಕೂ ಇದಕ್ಕೆ ಮದ್ದು ಸಿಕ್ಕಿಲ್ಲ. ಕೆಪಾಸಿಟಿವ್ ಟಚ್ ಸೆನ್ಸರಿನ ಅರವತ್ತು ವರ್ಷಗಳ ಬೆಳವಣಿಗೆಯನ್ನು ನಾನು ಈ ತೊಡಕಿನ ಕಡೆಯಿಂದಲೇ ನೋಡುತ್ತೇನೆ. ಮುಟ್ಟುವ ಪ್ಯಾಡನ್ನು ತೀರಾ ಸಣ್ಣದು ಮಾಡುವಂತಿಲ್ಲ. ಜಾಗ ಉಳಿದದ್ದೆಲ್ಲ ಅದರ ಸುತ್ತಮುತ್ತ: ತಂತಿಗಳಲ್ಲಿ, ಚಿಪ್ಪಿನ ಪಿನ್ನುಗಳಲ್ಲಿ, ಗಾಜಿನ ಪದರಗಳಲ್ಲಿ.

ಲೆಕ್ಕ ಸರಳ. ಸರ್ಕ್ಯೂಟ್ ಬೋರ್ಡಿನ (ಪಿಸಿಬಿ) ಮೇಲೆ 10 ಮಿಲಿಮೀಟರ್ ವ್ಯಾಸದ ತಾಮ್ರದ ಬಿಲ್ಲೆ, ಅದರ ಮೇಲೆ 2 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹೊದಿಕೆ. ಬೆರಳಿಟ್ಟಾಗ ಬಿಲ್ಲೆಯೂ ಬೆರಳೂ ಸೇರಿ ಒಂದು ಕೆಪಾಸಿಟರ್ ಆಗುತ್ತದೆ, ಅದರ ಧಾರಕತೆ ಸುಮಾರು 1 ಪಿಕೋಫ್ಯಾರಡ್. ವ್ಯಾಸವನ್ನು ಅರ್ಧ ಮಾಡಿದರೆ ಧಾರಕತೆ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಹೊದಿಕೆಯನ್ನು ತೆಳ್ಳಗೆ ಮಾಡಿ ಸ್ವಲ್ಪ ವಾಪಸು ಪಡೆಯಬಹುದು, ಆದರೆ ಪೆಟ್ಟಿಗೆಗೆ ಗಟ್ಟಿತನವೂ ಬೇಕಲ್ಲ. ಇನ್ನೊಂದು ಕಡೆ ಪ್ಯಾಡಿನಿಂದ ಚಿಪ್ಪಿಗೆ ಹೋಗುವ ಟ್ರೇಸ್ ಮತ್ತು ಹತ್ತಿರದ ಗ್ರೌಂಡ್ ನಡುವೆ ಬೇಡವಾದ ಧಾರಕತೆ ಬೆರಳಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೂತಿರುತ್ತದೆ. ಬೋರ್ಡು ಚಿಕ್ಕದಾದಷ್ಟೂ ಗ್ರೌಂಡ್ ಹತ್ತಿರ ಬರುತ್ತದೆ, ಬೆರಳಿನ ಸುಳಿವು ಗದ್ದಲದಲ್ಲಿ ಮುಳುಗುತ್ತದೆ. ಪ್ಯಾಡಿನ ಕೆಳಗೆ ಗ್ರೌಂಡನ್ನು ಪೂರ್ತಿ ತುಂಬದೆ ಜಾಲರಿಯಂತೆ ಬಿಡುವುದು ಇದೇ ಕಾರಣಕ್ಕೆ. ಪ್ಯಾಡಿನ ಸುತ್ತಲಿನ ಕವಚಕ್ಕೆ ಪ್ಯಾಡಿನಷ್ಟೇ ವೋಲ್ಟೇಜ್ ಕೊಟ್ಟು ಎರಡರ ನಡುವಿನ ಪ್ರಭಾವವನ್ನೇ ಅಳಿಸುವುದೂ ಉಂಟು. ಹೊದಿಕೆಯ ಮೇಲೆ ನೀರ ಹನಿ ಬಿದ್ದು ಬಟನ್ ತಾನಾಗಿ ಒತ್ತಿಕೊಳ್ಳುವುದನ್ನೂ ಈ ಕವಚ ಬಹುಮಟ್ಟಿಗೆ ತಡೆಯುತ್ತದೆ.

ವಿಚಿತ್ರವೆಂದರೆ ಈ ತಂತ್ರಜ್ಞಾನದ ಮೊದಲ ದೊಡ್ಡ ಉಪಯೋಗವೇ ಜಾಗ ಉಳಿಸಲು. ಇಂಗ್ಲೆಂಡಿನ ಮಾಲ್ವರ್ನ್‌ನ ರಾಡಾರ್ ಸಂಸ್ಥೆಯಲ್ಲಿದ್ದ ಇ.ಎ. ಜಾನ್ಸನ್ 1965ರಲ್ಲಿ ವಿಮಾನ ಸಂಚಾರ ನಿಯಂತ್ರಣಕ್ಕಾಗಿ ಬೆರಳು ಮುಟ್ಟಿದರೆ ತಿಳಿಯುವ ಪರದೆಯನ್ನು ವಿವರಿಸಿದರು. 1970ರ ದಶಕದ ಆರಂಭದಲ್ಲಿ ಜಿನೀವಾದ ಸರ್ನ್ ಕಣಭೌತ ಪ್ರಯೋಗಾಲಯದಲ್ಲಿ ಫ್ರಾಂಕ್ ಬೆಕ್ ಮತ್ತು ಬೆಂಟ್ ಸ್ಟುಂಪೆಗೆ ಎದುರಾದ ಸಮಸ್ಯೆ ಇನ್ನೂ ನೇರವಾದದ್ದು. ಹೊಸ ವೇಗವರ್ಧಕಕ್ಕೆ ಬೇಕಾದ ಸ್ವಿಚ್ಚುಗಳನ್ನೆಲ್ಲ ಹಳೆಯ ರೀತಿಯಲ್ಲಿ ಜೋಡಿಸಿದರೆ ನಿಯಂತ್ರಣ ಕೊಠಡಿಯ ಗೋಡೆಗಳೇ ಸಾಲುತ್ತಿರಲಿಲ್ಲ. ಗಾಜಿನ ಮೇಲೆ ತಾಮ್ರದ ಸಣ್ಣ ಗೆರೆಗಳನ್ನು ಕೊರೆದು 16 ಬಟನ್‌ಗಳ ಪಾರದರ್ಶಕ ಪರದೆ ಮಾಡಿದರು. ಗಾಜಿನ ಹಿಂದೆ ಮೂಡುವ ಚಿತ್ರ ಬದಲಾದಂತೆ ಅದೇ ಬಟನ್‌ಗಳ ಕೆಲಸವೂ ಬದಲಾಗುತ್ತಿತ್ತು. ಇಂದಿನ ಫೋನಿನ ಕೀಬೋರ್ಡ್ ಮಾಡುವುದೂ ಇಷ್ಟೇ.

ಆಮೇಲಿನ ಕೆಲವು ದಶಕ ಒತ್ತಿದರೆ ಮಾತ್ರ ತಿಳಿಯುವ ರೆಸಿಸ್ಟಿವ್ ಪರದೆಗಳ ಕಾಲ. ಅಗ್ಗ, ಸರಳ, ಕಡ್ಡಿಯ ಮೊನೆಯನ್ನೂ ಗುರುತಿಸುತ್ತವೆ. ಬೆಂಗಳೂರು ಈ ಕಥೆಯೊಳಗೆ ಬರುವುದೂ ಇಲ್ಲಿಯೇ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕ 2001ರಲ್ಲಿ ಮಾದರಿಯಾಗಿ ಹೊರಬಂತು. 2004ರ ಮಾರ್ಚ್‌ನಲ್ಲಿ ಪಿಕೋಪೆಟಾ ಕಂಪನಿ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಅದನ್ನು ಅಮಿಡಾ ಹೆಸರಿನಲ್ಲಿ ಮಾರುಕಟ್ಟೆಗೆ ತಂದವು. ಅಂಗೈಯಗಲದ ಆ ಸಾಧನದಲ್ಲಿ 320×240 ಚುಕ್ಕೆಗಳ ಪರದೆ, ಕಡ್ಡಿಯಿಂದ ಒತ್ತುವ ವ್ಯವಸ್ಥೆ. ಇದನ್ನು ಹಳೆಯ ತಂತ್ರವೆಂದು ಮೂಗು ಮುರಿಯುವವರಿದ್ದಾರೆ, ನನಗೆ ಅದು ಸರಿಯೆನಿಸುವುದಿಲ್ಲ. ಅಷ್ಟು ಚಿಕ್ಕ ಪರದೆಯ ಮೇಲೆ ಬೆರಳಿಗೆ ತಕ್ಕ ಬಟನ್‌ಗಳನ್ನಿಟ್ಟರೆ ಓದಲು ಜಾಗವೇ ಉಳಿಯುವುದಿಲ್ಲ, ಕಡ್ಡಿಯಾದರೆ ಕಾಳಿನಷ್ಟು ಗುರುತೂ ಸಾಕು. ಪುಟ ತಿರುವಲು ಸಾಧನವನ್ನೇ ವಾಲಿಸುವ ಸೌಲಭ್ಯವೂ ಅಮಿಡಾದಲ್ಲಿತ್ತು. ಬಟನ್ನಿನ ಜಾಗ ಉಳಿಸಲು ಬಟನ್ನನ್ನೇ ತೆಗೆದುಹಾಕುವ ಉಪಾಯ ಅದು.

ಇದೇ ಬಿಇಎಲ್ ತಯಾರಿಸುವ ಮತಯಂತ್ರದಲ್ಲಿ ಇಂದಿಗೂ ಒತ್ತುವ ಬಟನ್ನೇ ಇದೆ. ಇರಬೇಕಾದದ್ದೂ ಹಾಗೆಯೇ. ದೃಷ್ಟಿಯಿಲ್ಲದ ಮತದಾರರು ಬಟನ್ನಿನ ಪಕ್ಕದ ಬ್ರೈಲ್ ಗುರುತನ್ನು ಬೆರಳಿನಿಂದ ಓದಿ ಆಮೇಲೆ ಒತ್ತುತ್ತಾರೆ. ಮುಟ್ಟಿದರೇ ಸಾಕೆನ್ನುವ ಸೆನ್ಸರು ಅಲ್ಲಿದ್ದರೆ ಓದುವಾಗಲೇ ಬೆರಳು ತಾಗಿ ಮತ ಬಿದ್ದುಬಿಡಬಹುದು.

ಕೆಪಾಸಿಟಿವ್ ವಿಧಾನ ಪುಟ್ಟ ಸಾಧನಗಳಿಗೆ ಮರಳಿ ಬಂದದ್ದು ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ದಾರಿಯಲ್ಲಿ. 2002ರ ಐಪಾಡ್‌ನಲ್ಲಿ ತಿರುಗುವ ಚಕ್ರದ ಬದಲು ಬೆರಳು ಸವರುವ ಉಂಗುರ ಬಂತು. 2004ರ ಐಪಾಡ್ ಮಿನಿಯಲ್ಲಿ ಬೇರೆ ಬಟನ್‌ಗಳನ್ನೂ ಆ ಉಂಗುರದ ಅಡಿಗೇ ಸೇರಿಸಿದರು. 2007ರ ಫೋನುಗಳ ಕಥೆ ಎಲ್ಲರಿಗೂ ಗೊತ್ತು. ಹೆಚ್ಚು ಸ್ವಾರಸ್ಯ ಇರುವುದು ಆ ಹೊತ್ತಿಗೆ ಪಿಸಿಬಿ ವಿನ್ಯಾಸಕರು ಕಲಿತಿದ್ದ ಪಿನ್ ಉಳಿಸುವ ಜಾಣ್ಮೆಯಲ್ಲಿ.

ಒಂದು ಪಿನ್ನಿಗೆ ಒಂದು ಬಟನ್ ಎಂದರೆ 12 ಪಿನ್ನಿಗೆ 12 ಬಟನ್. ಅವೇ ಪಿನ್ನುಗಳನ್ನು ಆರು ಅಡ್ಡ, ಆರು ಉದ್ದ ಗೆರೆಗಳಾಗಿ ಹಾಸಿ, ಪ್ರತಿ ಸಂಧಿಯಲ್ಲೂ ಎರಡು ಗೆರೆಗಳ ನಡುವಿನ ಧಾರಕತೆ ಅಳೆದರೆ 36 ಜಾಗಗಳು ಸಿಗುತ್ತವೆ. ಸವರುವ ಪಟ್ಟಿಗೆ ಇನ್ನೂ ಸೊಗಸಾದ ಯುಕ್ತಿ ಇದೆ, ಕಸುಬಿನವರು ಡಿಪ್ಲೆಕ್ಸಿಂಗ್ ಎನ್ನುವಂಥದ್ದು. ಐದು ಪಿನ್ನಿನಿಂದ ಹತ್ತು ತುಂಡುಗಳ ಪಟ್ಟಿ ಮಾಡಬಹುದು. ಮೊದಲರ್ಧದಲ್ಲಿ 1, 2, 3, 4, 5 ಎಂದು ಸಾಲಾಗಿ ಜೋಡಿಸಿ, ಎರಡನೆಯ ಅರ್ಧದಲ್ಲಿ 1, 3, 5, 2, 4 ಎಂದು ಕಲಸಿಡಬೇಕು. ಬೆರಳು ಯಾವಾಗಲೂ ಅಕ್ಕಪಕ್ಕದ ತುಂಡುಗಳನ್ನೇ ಮುಚ್ಚುತ್ತದೆ. 2 ಮತ್ತು 3 ಒಟ್ಟಿಗೆ ಎದ್ದರೆ ಎಡಭಾಗ, 3 ಮತ್ತು 5 ಎದ್ದರೆ ಬಲಭಾಗ. ಹತ್ತು ತುಂಡುಗಳ ನಡುವಿನ ಒಂಬತ್ತು ಜೋಡಿಗಳಲ್ಲಿ ಒಂದೂ ಮರುಕಳಿಸುವುದಿಲ್ಲ, ಬೇಕಿದ್ದರೆ ಕಾಗದದ ಮೇಲೆ ಬರೆದು ನೋಡಿ. ಜಾಗ ನುಂಗುತ್ತದೆಂದು ದೂರಿದ ಬೆರಳಿನ ಅಗಲವೇ ಇಲ್ಲಿ ಕೆಲಸಕ್ಕೆ ಬಂತು. ಬೆರಳು ಸೂಜಿಯ ಮೊನೆಯಂತಿದ್ದರೆ ಈ ಯುಕ್ತಿ ನಡೆಯುತ್ತಲೇ ಇರಲಿಲ್ಲ.

ಪರದೆಗಳಲ್ಲಿ ಉಳಿತಾಯ ದಪ್ಪದ ಕಡೆಯಿಂದ ಬಂತು. ಮೊದಲು ಟಚ್‌ಗೆಂದೇ ಬೇರೊಂದು ಗಾಜು ಇರುತ್ತಿತ್ತು. 2010ರ ಸ್ಯಾಮ್ಸಂಗ್ ಗ್ಯಾಲಕ್ಸಿ ಎಸ್‌ನಲ್ಲಿ ಅದು ಪರದೆಯ ಮೇಲ್ಪದರಕ್ಕೇ ಅಂಟಿತು, 2012ರ ಐಫೋನ್ 5ರಲ್ಲಿ ದ್ರವಸ್ಫಟಿಕದ ಕೋಶದೊಳಕ್ಕೇ ಇಳಿಯಿತು. ಚಿತ್ರ ಮೂಡಿಸುವ ವಿದ್ಯುದ್ವಾರಗಳೇ ಆ ಕೆಲಸದ ನಡುವಿನ ಬಿಡುವಿನಲ್ಲಿ ಬೆರಳನ್ನೂ ಹುಡುಕುತ್ತವೆ.

ದ್ರವಸ್ಫಟಿಕ ಎಂದಾಗ ಮತ್ತೆ ಬೆಂಗಳೂರಿಗೇ ಬರಬೇಕು. ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ತಮ್ಮ ತಂಡದೊಡನೆ ಕಂಡುಹಿಡಿದ ಎಸ್. ಚಂದ್ರಶೇಖರ್, 1991ರಲ್ಲಿ ಉತ್ತರ ಬೆಂಗಳೂರಿನ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರ ಕಟ್ಟಿದರು. ಆ ಕೇಂದ್ರವೇ ಹೆಸರು ಬದಲಿಸುತ್ತ ಇಂದು ಸೆನ್ಸ್ ಎಂದು ಕರೆಸಿಕೊಳ್ಳುವ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರವಾಗಿದೆ. ಈಗ ಅದು ತುಮಕೂರು ರಸ್ತೆಯ ಕಡೆಗೆ, ಶಿವನಪುರಕ್ಕೆ ಹೋಗಿದೆ.

ಅಲ್ಲಿನ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಕೆಲಸ ಟಚ್ ಪದರದ ವಸ್ತುವಿನ ಬಗ್ಗೆ. ಪಾರದರ್ಶಕ ವಿದ್ಯುದ್ವಾರಕ್ಕೆ ಜಗತ್ತು ನೆಚ್ಚಿಕೊಂಡದ್ದು ಇಂಡಿಯಂ ಟಿನ್ ಆಕ್ಸೈಡನ್ನು. ಇಂಡಿಯಂ ವಿರಳ, ದುಬಾರಿ, ಪದರವನ್ನು ಬಾಗಿಸಿದರೆ ಸೀಳುತ್ತದೆ. ಜಿ.ಯು. ಕುಲಕರ್ಣಿ ಅವರ ತಂಡ ಸೀಳುವುದನ್ನೇ ಉಪಾಯವಾಗಿಸಿತು. ಗಾಜಿನ ಮೇಲೆ ಬಳಿದ ಲೇಪ ಬೇಸಿಗೆಯ ಕೆರೆಯಂಗಳದಂತೆ ಒಣಗಿ ಬಿರಿಯುತ್ತದೆ, ಬಿರುಕುಗಳೊಳಗೆ ಲೋಹ ತುಂಬಿ ಲೇಪವನ್ನು ತೊಳೆದರೆ ಕಣ್ಣಿಗೆ ಕಾಣದಷ್ಟು ತೆಳುವಾದ ತಂತಿಬಲೆ ಉಳಿಯುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೂ ಇದನ್ನು ಮಾಡಬಹುದು. ಆಮೇಲೆ ಎರಡೂ ಕೇಂದ್ರಗಳ ವಿಜ್ಞಾನಿಗಳು ಮುದ್ರಣದಿಂದಲೇ ಸುಮಾರು 300 ಮೈಕ್ರೋಮೀಟರ್ ಗಾತ್ರದ ವಿನ್ಯಾಸಗಳನ್ನು ಮೂಡಿಸಿ, 9 ಸೆಂಟಿಮೀಟರ್ ದೂರದಿಂದಲೇ ಕೈಯನ್ನು ಗ್ರಹಿಸುವ ಅಗ್ಗದ ಸೆನ್ಸರ್ ತೋರಿಸಿದ್ದಾರೆ.

ದೂರದಿಂದ ಗ್ರಹಿಸಲು ವಿದ್ಯುದ್ವಾರ ದೊಡ್ಡದಿರಬೇಕು, ಕೈಗಡಿಯಾರದಂಥ ಸಾಧನಕ್ಕೆ ಆ 9 ಸೆಂಟಿಮೀಟರ್ ಸುಲಭವಾಗಿ ದಕ್ಕದು. ಪುಟ್ಟ ಸಾಧನಕ್ಕೆ ಈ ಮುದ್ರಣ ವಿಧಾನದಲ್ಲಿ ನನಗೆ ಕಾಣುವ ಲಾಭ ಬೇರೆಯದು. ವಿದ್ಯುದ್ವಾರವನ್ನು ಪೆಟ್ಟಿಗೆಯ ಬಾಗಿದ ಒಳಮೈ ಮೇಲೇ ಮೂಡಿಸುವಂತಾದರೆ ಬೋರ್ಡಿನ ಮೇಲಿನ ಪ್ಯಾಡಿನ ಜಾಗ ಪೂರ್ತಿ ಖಾಲಿಯಾಗುತ್ತದೆ, ಬೆರಳಿಗೂ ವಿದ್ಯುದ್ವಾರಕ್ಕೂ ನಡುವೆ ಉಳಿಯುವುದು ಪೆಟ್ಟಿಗೆಯ ಗೋಡೆಯಷ್ಟೇ. ಆಗ ತಲೆನೋವು ಪೆಟ್ಟಿಗೆಯಿಂದ ಬೋರ್ಡಿಗೆ ಬರುವ ಸಂಪರ್ಕದ್ದು. ಸ್ಪ್ರಿಂಗ್ ಇಟ್ಟರೆ ಅದರ ಎತ್ತರ ಬೇಕು, ಬಾಗುವ ಕೇಬಲ್ ಇಟ್ಟರೆ ಕನೆಕ್ಟರಿಗೆ ಜಾಗ ಬೇಕು.