ಹಿಂಸಾತ್ಮಕ ವಿಡಿಯೋ ಗೇಮ್‌ಗಳು ಮತ್ತು ಆಕ್ರಮಣಶೀಲ ವರ್ತನೆ

ಪೀಠಿಕೆ

ಹೊಡೆದಾಟ, ಗುಂಡಿನ ಕಾಳಗ, ಕೊಲೆ ಮುಂತಾದ ಕೃತ್ಯಗಳನ್ನು ಪರದೆಯ ಮೇಲೆ ಆಟಗಾರನೇ ನಡೆಸುವ ಆಟಗಳನ್ನು ಹಿಂಸಾತ್ಮಕ ವಿಡಿಯೋ ಗೇಮ್‌ಗಳೆಂದು ಕರೆಯಲಾಗುತ್ತದೆ. ಇವುಗಳ ಪರಿಣಾಮವನ್ನು ಅರಿಯಲು ಎರಡು ಪದಗಳ ಅಂತರವನ್ನು ಗಮನಿಸುವುದು ಅಗತ್ಯ. ಕೂಗಾಡುವುದು, ತಳ್ಳುವುದು, ಬೈಯುವುದು ಮೊದಲಾದವು ಆಕ್ರಮಣಶೀಲತೆಗೆ ಸೇರುತ್ತವೆ. ಗಂಭೀರ ದೈಹಿಕ ಹಾನಿಯನ್ನುಂಟುಮಾಡುವ ಕೃತ್ಯಗಳು ಹಿಂಸಾಚಾರವೆನಿಸುತ್ತವೆ.

ಹಿನ್ನೆಲೆ

ಈ ಚರ್ಚೆಯು ಪ್ರಮುಖವಾಗಿ ಅಮೆರಿಕದಲ್ಲಿ ಬೆಳೆಯಿತು. 1976ರಲ್ಲಿ 'ಡೆತ್ ರೇಸ್' ಎಂಬ ಆಟವು ಸಾರ್ವಜನಿಕ ವಿರೋಧವನ್ನು ಎದುರಿಸಿತು. 1992ರಲ್ಲಿ ಬಂದ 'ಮಾರ್ಟಲ್ ಕಾಂಬ್ಯಾಟ್' ಮೊದಲಾದ ಆಟಗಳ ಬಗ್ಗೆ ಅಲ್ಲಿನ ಸೆನೆಟ್ 1993ರ ಡಿಸೆಂಬರ್‌ನಲ್ಲಿ ವಿಚಾರಣೆ ನಡೆಸಿತು. ಅದರ ಫಲವಾಗಿ 1994ರಲ್ಲಿ ವಯೋಮಾನಕ್ಕನುಗುಣವಾದ ವರ್ಗೀಕರಣ ಪದ್ಧತಿಯು ಜಾರಿಗೆ ಬಂದಿತು. 1999ರ ಕೊಲಂಬೈನ್ ಶಾಲೆಯ ಹತ್ಯಾಕಾಂಡದ ಆರೋಪಿಗಳು 'ಡೂಮ್' ಆಟವನ್ನು ಆಡುತ್ತಿದ್ದರೆಂಬ ಸಂಗತಿಯು ಆತಂಕವನ್ನು ಹೆಚ್ಚಿಸಿತು. ಇಂತಹ ಆಟಗಳನ್ನು ಅಪ್ರಾಪ್ತ ವಯಸ್ಕರಿಗೆ ಮಾರುವುದನ್ನು ನಿರ್ಬಂಧಿಸಿ ಕ್ಯಾಲಿಫೋರ್ನಿಯಾ ರಾಜ್ಯವು 2005ರಲ್ಲಿ ಕಾನೂನು ರಚಿಸಿತು. ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ 7–2 ಬಹುಮತದಿಂದ ಅದನ್ನು ಅಸಿಂಧುಗೊಳಿಸಿತು. ಆಟವೇ ಆಕ್ರಮಣಶೀಲತೆಗೆ ಕಾರಣವೆಂದು ಅಧ್ಯಯನಗಳು ಸಾಬೀತುಪಡಿಸಿಲ್ಲವೆಂದು ನ್ಯಾಯಾಲಯವು ಅಭಿಪ್ರಾಯಪಟ್ಟಿತು.

ಅಧ್ಯಯನಗಳ ಫಲಿತಾಂಶ

ಮನೋವಿಜ್ಞಾನಿ ಕ್ರೇಗ್ ಆಂಡರ್ಸನ್ ಮತ್ತು ಸಹೋದ್ಯೋಗಿಗಳು 2010ರಲ್ಲಿ ಹಲವು ಅಧ್ಯಯನಗಳನ್ನು ಒಗ್ಗೂಡಿಸಿ, ಇಂತಹ ಆಟಗಳು ಆಕ್ರಮಣಶೀಲತೆಯನ್ನು ಹೆಚ್ಚಿಸುತ್ತವೆಂದು ವಾದಿಸಿದರು. 24 ಅಧ್ಯಯನಗಳ 17,000ಕ್ಕೂ ಹೆಚ್ಚು ಮಕ್ಕಳು ಮತ್ತು ಹದಿಹರೆಯದವರನ್ನು ಕುರಿತ 2018ರ ವಿಶ್ಲೇಷಣೆಯಲ್ಲಿಯೂ ಅಲ್ಪ ಪ್ರಮಾಣದ ಸಂಬಂಧ ಕಂಡುಬಂದಿತು. ಆದರೆ ಬ್ರಿಟನ್ನಿನ 14–15 ವರ್ಷದ 1,004 ಹದಿಹರೆಯದವರನ್ನು ಕುರಿತ 2019ರ ಅಧ್ಯಯನದಲ್ಲಿ ಸಂಬಂಧ ಗೋಚರಿಸಲಿಲ್ಲ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2020ರಲ್ಲಿ ಪರಿಷ್ಕರಿಸಿದ ನಿರ್ಣಯದ ಪ್ರಕಾರ, ಕೂಗಾಟ, ತಳ್ಳಾಟಗಳಂತಹ ವರ್ತನೆಯೊಂದಿಗೆ ಅಲ್ಪವಾದ ಆದರೆ ಸ್ಥಿರವಾದ ಸಂಬಂಧವಿದೆ. ಹಿಂಸಾಚಾರಕ್ಕೆ ಆಟಗಳೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ.

ಭಿನ್ನಾಭಿಪ್ರಾಯಕ್ಕೆ ಕಾರಣಗಳು

ಪ್ರಯೋಗಾಲಯದಲ್ಲಿ, ಎದುರಾಳಿಗೆ ಎಷ್ಟು ಜೋರಾದ ಶಬ್ದವನ್ನು ಕೇಳಿಸಲು ವ್ಯಕ್ತಿಯು ಆರಿಸಿಕೊಳ್ಳುತ್ತಾನೆ ಎಂಬಂತಹ ವಿಧಾನಗಳಿಂದ ಆಕ್ರಮಣಶೀಲತೆಯನ್ನು ಅಳೆಯಲಾಗುತ್ತದೆ. ಇದು ಬೀದಿಯ ಜಗಳಕ್ಕೆ ಸಮಾನವಲ್ಲ. ಮುಂಗೋಪದ ಮಕ್ಕಳೇ ಇಂತಹ ಆಟಗಳನ್ನು ಆರಿಸಿಕೊಳ್ಳುವ ಸಾಧ್ಯತೆಯೂ ಇದೆ. ಆಟವು ಕೈಗೆ ಹತ್ತದಿರುವುದರಿಂದ ಉಂಟಾಗುವ ಹತಾಶೆಯೇ, ಅದರಲ್ಲಿ ಹಿಂಸೆ ಇರಲಿ ಇಲ್ಲದಿರಲಿ, ಕೋಪವನ್ನು ಕೆರಳಿಸಬಲ್ಲದೆಂದು 2014ರ ಸಂಶೋಧನೆಯೊಂದು ತೋರಿಸಿತು.

ಆಟವನ್ನೇ ಏಕೈಕ ಕಾರಣವೆಂದು ಭಾವಿಸಿದಲ್ಲಿ, ಮನೆಯಲ್ಲಿನ ಹೊಡೆತ, ಶಾಲೆಯಲ್ಲಿನ ಕಿರುಕುಳ, ನಿದ್ರಾಹೀನತೆ, ಖಿನ್ನತೆ ಮುಂತಾದ ಕಾರಣಗಳು ಗಮನಕ್ಕೆ ಬಾರದೆ ಮಗುವಿಗೆ ದೊರಕಬೇಕಾದ ನೆರವು ತಪ್ಪಿಹೋಗುತ್ತದೆ.

ಗೇಮಿಂಗ್ ವ್ಯಸನ

ಇದು ಪ್ರತ್ಯೇಕ ವಿಷಯವಾಗಿರುತ್ತದೆ. ಆಟದ ಮೇಲಿನ ಹತೋಟಿ ತಪ್ಪಿ, ಓದು, ಊಟ, ಸಂಬಂಧಗಳಿಗೆ ಧಕ್ಕೆಯಾಗುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳ ಪಟ್ಟಿಗೆ ಸೇರಿಸಿದ್ದು, ಆ ಪಟ್ಟಿಯು 2022ರ ಜನವರಿ 1ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಂತ್ರಜ್ಞಾನ ವ್ಯಸನಕ್ಕಾಗಿ 2014ರಲ್ಲಿ 'ಶಟ್' ಕ್ಲಿನಿಕ್ ಆರಂಭಿಸಿತು.

ಪೋಷಕರು ಗಮನಿಸಬೇಕಾದ ಅಂಶಗಳು

• ಆಟವನ್ನು ಕೊಡಿಸುವ ಮುನ್ನ ಅದರ ವಯೋಮಿತಿಯ ಗುರುತನ್ನು ಪರಿಶೀಲಿಸುವುದು.
• ಮಗು ಆಡುವಾಗ ಆಗಾಗ್ಗೆ ಜೊತೆಯಲ್ಲಿ ಕುಳಿತು, ಆಟದ ಬಗ್ಗೆ ಮಾತನಾಡುವುದು.
• ಆಟದ ವೇಳೆಯನ್ನು ಮಗುವಿನೊಂದಿಗೆ ಚರ್ಚಿಸಿ ಮೊದಲೇ ನಿಗದಿಪಡಿಸುವುದು. ರಾತ್ರಿ ಮಲಗುವ ಕೋಣೆಯಲ್ಲಿ ಮೊಬೈಲ್ ಇಡದಿರುವುದು.
• ಮೊಬೈಲ್ ಕಿತ್ತುಕೊಂಡು ಹೊಡೆಯುವ ಕ್ರಮವನ್ನು ಕೈಬಿಡುವುದು. ಹೊಡೆತವು ಮಗುವಿಗೆ ಹೊಡೆಯುವುದನ್ನೇ ಕಲಿಸುತ್ತದೆ.
• ವರ್ತನೆಯಲ್ಲಿ ದಿಢೀರ್ ಬದಲಾವಣೆ ಕಂಡುಬಂದಲ್ಲಿ ಶಿಕ್ಷಕರು ಹಾಗೂ ಮನೋವೈದ್ಯರನ್ನು ಸಂಪರ್ಕಿಸುವುದು.

ಮಾನಸಿಕ ಆರೋಗ್ಯದ ಸಲಹೆಗಾಗಿ ಟೆಲಿ-ಮಾನಸ್ ಉಚಿತ ದೂರವಾಣಿ ಸಂಖ್ಯೆ 14416ಕ್ಕೆ ಕರೆ ಮಾಡಬಹುದಾಗಿದೆ.