ಮುಲ್ಕಿ ಯಾರು, ಗೈರ್-ಮುಲ್ಕಿ ಯಾರು?

ನಿಮ್ಮ ಬಂಧುಗಳಲ್ಲಿ ಯಾರಾದರೂ ಅಮೆರಿಕದಲ್ಲಿದ್ದರೆ ‘ಗ್ರೀನ್ ಕಾರ್ಡ್’ ಎಂಬ ಮಾತನ್ನು ಕೇಳಿರುತ್ತೀರಿ. ಅದು ಪೌರತ್ವವಲ್ಲ; ಕಾಯಂ ನಿವಾಸಿ ಎಂಬ ಮನ್ನಣೆ ಮಾತ್ರ. ಅದನ್ನು ಪಡೆದವರು ಮುಂಚಿತವಾಗಿ ಅನುಮತಿ ಪಡೆಯದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಊರಿಗೆ ಬಂದು ಉಳಿದರೆ, ಅಲ್ಲಿ ನೆಲೆಸುವ ಉದ್ದೇಶವನ್ನೇ ಬಿಟ್ಟುಕೊಟ್ಟರೇನೋ ಎಂಬ ಪ್ರಶ್ನೆ ಏಳುತ್ತದೆ. ಇದು ದೂರದ ದೇಶದ ಸಂಗತಿಯೆಂದು ತಿಳಿಯಬೇಡಿ. ರಾಯಚೂರು, ಮಾನ್ವಿ, ದೇವದುರ್ಗಗಳ ನಿಮ್ಮ ಮುತ್ತಜ್ಜಂದಿರ ಕಾಲದಲ್ಲಿ ಇದೇ ಪ್ರಶ್ನೆ ‘ಮುಲ್ಕಿ’ ಎಂಬ ಒಂದು ಪದದಲ್ಲಿ ಅಡಗಿತ್ತು.

ಕೃಷ್ಣಾ–ತುಂಗಭದ್ರೆಗಳ ನಡುವಿನ ಈ ದೋಆಬಿನ ಜನರು ಮನೆ ಬದಲಿಸದೆಯೇ ರಾಜ್ಯ ಬದಲಿಸಿದವರು. 1853ರಲ್ಲಿ ನಿಜಾಮನು ಸೇನಾ ವೆಚ್ಚದ ಬಾಕಿಗಾಗಿ ಈ ಸೀಮೆಯನ್ನು ಬ್ರಿಟಿಷರಿಗೆ ಒಪ್ಪಿಸಿದನು. 1860ರಲ್ಲಿ ಅದು ಮತ್ತೆ ಹೈದರಾಬಾದಿಗೆ ಸೇರಿತು. 1871ರಲ್ಲಿ ಮುಂಬಯಿಯ ರೈಲು ದಾರಿಯೂ ಮದ್ರಾಸಿನ ರೈಲು ದಾರಿಯೂ ರಾಯಚೂರಿನಲ್ಲಿ ಕೂಡಿದವು. ಹೊರಗಿನವರು ಬಂದು ಹೋಗುವುದು ಅಂದಿನಿಂದ ಸುಲಭವಾಯಿತು.

ಹೊರಗಿನವರೇ ದೊಡ್ಡ ಹುದ್ದೆಗಳನ್ನೆಲ್ಲ ತುಂಬುತ್ತಿದ್ದಾರೆಂಬ ಅಸಮಾಧಾನ ಸಂಸ್ಥಾನದಲ್ಲಿ ಹಳೆಯದು. ಸಾಲಾರ್ ಜಂಗನ ಕಾಲದಲ್ಲಿ ಉತ್ತರ ಹಿಂದೂಸ್ಥಾನದಿಂದ ಬಂದ ಅಧಿಕಾರಿಗಳ ಸಂಖ್ಯೆ ಹೆಚ್ಚಾಯಿತು. ಅವರ ಹಿಂದೆಯೇ ಈ ಕೂಗೂ ಬೆಳೆಯಿತು. ‘ಮುಲ್ಕ್’ ಎಂದರೆ ನಾಡು. ನಾಡಿನವನು ಮುಲ್ಕಿ, ಅಲ್ಲದವನು ಗೈರ್-ಮುಲ್ಕಿ. (ನಮ್ಮ ಕಡೆ ಶಾಲೆಗೆ ತಪ್ಪಿಸಿಕೊಂಡವನನ್ನು ‘ಗೈರ್ ಹಾಜರ್’ ಎನ್ನುವೆವಲ್ಲ, ಆ ಗೈರೇ ಇದು.) 1919ರಲ್ಲಿ ಮೀರ್ ಉಸ್ಮಾನ್ ಅಲಿ ಖಾನರ ಫರ್ಮಾನಿನಿಂದ ಮುಲ್ಕಿ ನಿಯಮಗಳು ಖಚಿತ ರೂಪ ಪಡೆದವು. ಮುಲ್ಕಿಯಲ್ಲದವನಿಗೆ ನಿಜಾಮರ ವಿಶೇಷ ಮಂಜೂರಾತಿ ಇಲ್ಲದೆ ಸರ್ಕಾರಿ ನೌಕರಿ ಇಲ್ಲ ಎಂಬುದು ಅವುಗಳ ಸಾರ.

ಹುಟ್ಟಿನಿಂದ ಸಂಸ್ಥಾನದ ಪ್ರಜೆಯಾದವನು ಮುಲ್ಕಿ. ಹೊರಗಿನಿಂದ ಬಂದವನಾದರೆ ಕನಿಷ್ಠ 15 ವರ್ಷ ಕಾಯಂ ಆಗಿ ನೆಲೆಸಿರಬೇಕು. ಅಷ್ಟೇ ಸಾಲದು. ತನ್ನ ಹಿಂದಿನ ಊರಿಗೆ ಮರಳುವ ವಿಚಾರವನ್ನು ಬಿಟ್ಟಿದ್ದೇನೆಂದು ಪ್ರಮಾಣಪತ್ರವನ್ನೂ ಬರೆದುಕೊಡಬೇಕು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ವರ್ಷಗಳನ್ನು ದಾಖಲೆ ನೋಡಿ ಎಣಿಸಬಹುದು. ಮನಸ್ಸಿನ ಉದ್ದೇಶವನ್ನು ಎಣಿಸುವವರು ಯಾರು? ಬಳ್ಳಾರಿ ಸೀಮೆಯಿಂದ ಬಂದು ರಾಯಚೂರಿನಲ್ಲಿ ಹದಿನಾರು ವರ್ಷ ಕಳೆದವನಿಗೂ ಹುಟ್ಟೂರಿನ ಜಾತ್ರೆಯ ನೆನಪು ಬರದೆ ಇರುತ್ತದೆಯೇ? ಆದರೂ ನೌಕರಿ ಬೇಕಾದರೆ ಸಹಿ ಮಾಡಬೇಕು. ಒಂದನ್ನು ಪಡೆಯಲು ಇನ್ನೊಂದನ್ನು ಕಾಗದದ ಮೇಲೆ ಬಿಡಲೇಬೇಕಾಗಿತ್ತು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೂ ನಿಯಮ ಉಳಿಯಿತು, ಜಗಳವೂ ಉಳಿಯಿತು. 1952ರಲ್ಲಿ ವಾರಂಗಲ್ಲು ಹೈದರಾಬಾದುಗಳ ವಿದ್ಯಾರ್ಥಿಗಳು ಗೈರ್-ಮುಲ್ಕಿಗಳ ವಿರುದ್ಧ ಬೀದಿಗಿಳಿದರು. ಪೊಲೀಸರ ಗುಂಡಿಗೆ ಪ್ರಾಣಗಳು ಹೋದವು. ಅವರೂ ನಿಮ್ಮ ವಯಸ್ಸಿನವರೇ.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಅದರ ಆಲಂಪುರ, ಗದ್ವಾಲ ತಾಲ್ಲೂಕುಗಳು ಮಾತ್ರ ಆಂಧ್ರ ಪ್ರದೇಶಕ್ಕೆ ಹೋದವು. ನಿನ್ನೆಯವರೆಗೆ ಗದ್ವಾಲದವನೂ ಮಾನ್ವಿಯವನೂ ಒಂದೇ ಜಿಲ್ಲೆಯ ಮುಲ್ಕಿಗಳು. ಇಂದು ಬೇರೆ ಬೇರೆ ರಾಜ್ಯದವರು. ಮುಂದೆ ನೌಕರಿಗೆ ವಾಸದ ಷರತ್ತು ಹಾಕುವುದನ್ನು 1957ರ ಕೇಂದ್ರ ಕಾಯ್ದೆ ತೆಗೆದುಹಾಕಿತು. ತೆಲಂಗಾಣದಂಥ ಕೆಲವೇ ಪ್ರದೇಶಗಳಿಗೆ ವಿನಾಯಿತಿ ಇತ್ತು. ಆ ವಿನಾಯಿತಿಯಿಂದ ಅಲ್ಲಿ ನಡೆದ ಹೋರಾಟಗಳು, 1972ರ ಸುಪ್ರೀಂ ಕೋರ್ಟ್ ತೀರ್ಪು, 1973ರ ರದ್ದತಿ — ಇವು ಇನ್ನೊಂದು ದೊಡ್ಡ ಕಥೆ. ರಾಯಚೂರಿನ ಪಾಲಿಗೆ ಹಳೆಯ ರಕ್ಷಣೆ ಹೋಯಿತು, ಹಿಂದುಳಿದಿರುವಿಕೆ ಉಳಿಯಿತು.

ಆದ್ದರಿಂದಲೇ ಬಹುಕಾಲದ ಬೇಡಿಕೆಯ ನಂತರ, 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 371 ಜೆ ವಿಧಿ ಸೇರಿತು. ಹುಟ್ಟಿನಿಂದಾಗಲೀ ವಾಸದಿಂದಾಗಲೀ ಈ ಪ್ರದೇಶಕ್ಕೆ ಸೇರಿದವರಿಗೆ ಶಿಕ್ಷಣದಲ್ಲೂ ನೌಕರಿಯಲ್ಲೂ ಮೀಸಲಾತಿ ದೊರೆಯಿತು. ಮುಲ್ಕಿ ನಿಯಮಗಳ ಕಾಲದಲ್ಲಿ ನಿಜಾಮನ ಆಳ್ವಿಕೆಗೆ ಸೇರದಿದ್ದ ಬಳ್ಳಾರಿಯೂ ಇದರೊಳಗೆ ಬಂದಿತೆಂಬುದು ಗಮನಾರ್ಹ. 2019ರಲ್ಲಿ ಪ್ರದೇಶದ ಹೆಸರು ‘ಕಲ್ಯಾಣ ಕರ್ನಾಟಕ’ವಾಯಿತು.

ಈಗ ನಿಮ್ಮ ಸುತ್ತಲೇ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಾಗ ಮಾನ್ವಿ ತಾಲ್ಲೂಕಿಗೆ ಕರಾವಳಿ ಆಂಧ್ರದ ರೈತರು ಬಂದು ‘ಕ್ಯಾಂಪ್’ಗಳನ್ನು ಕಟ್ಟಿದರು. ಹಳೆಯ ನಿಯಮದಂತೆ ಆ ಅಜ್ಜಂದಿರು ಗೈರ್-ಮುಲ್ಕಿಗಳು. ಇಲ್ಲಿಯೇ ಹುಟ್ಟಿದ ಮೊಮ್ಮಕ್ಕಳು ಹುಟ್ಟಿನಿಂದಲೇ ಇಲ್ಲಿಯವರು. ಅತ್ತ ದೇವದುರ್ಗದಿಂದ ಬೆಂಗಳೂರು, ಪುಣೆಗಳಿಗೆ ಗುಳೆ ಹೋದ ಕೂಲಿಯವರ ಮಗು ಕಟ್ಟಡದ ಬದಿಯ ಶೆಡ್ಡಿನಲ್ಲಿ ಹುಟ್ಟುತ್ತದೆ. ಅದರ ಜನನ ಪತ್ರದಲ್ಲಿ ಬೇರೆ ಊರಿನ ಹೆಸರು. ಅದರ ಅಪ್ಪ ಅಮ್ಮ ಊರಿಗೆ ಮರಳುವ ವಿಚಾರವನ್ನು ಒಂದು ದಿನವೂ ಬಿಟ್ಟವರಲ್ಲ. ಮುಂದೆ ಆ ಮಗು ಸಹಾಯಕ ಆಯುಕ್ತರ ಕಚೇರಿಯಲ್ಲಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ, ತಾನು ಈ ಊರಿನವನೆಂಬುದಕ್ಕೆ ಕಾಗದಗಳನ್ನು ಹುಡುಕಬೇಕಾಗುತ್ತದೆ.