ಎಣಿಕೆ ಬೇರೆ, ಬೆಲೆ ಬೇರೆ: ನಾಣ್ಯದ ಲೆಕ್ಕಗಳ ಹಾದಿ

ಇಬ್ಬರ ಆಸ್ತಿ ಸಮ. ಒಬ್ಬನಲ್ಲಿ 6 ಗುಲಿಕ, 100 ರೂಪಕ. ಇನ್ನೊಬ್ಬನಲ್ಲಿ 8 ಗುಲಿಕ, 60 ರೂಪಕ. ರೂಪಕ ನಾಣ್ಯ; ಗುಲಿಕ ಬೆಲೆ ತಿಳಿಯದ ವಸ್ತು. ರೂಪಕಗಳ ವ್ಯತ್ಯಾಸವನ್ನು ಗುಲಿಕಗಳ ವ್ಯತ್ಯಾಸದಿಂದ ಭಾಗಿಸಿದರೆ ಗುಲಿಕದ ಬೆಲೆ 20. ಅಂಕಿಗಳು ನನ್ನವು, ಸೂತ್ರ ಆರ್ಯಭಟನದು, ಕ್ರಿ.ಶ. 499ರ ಸುಮಾರಿನದು. ಅಲ್ಲಿ ಎಣಿಕೆ ಗೊತ್ತು, ಬೆಲೆ ಗೊತ್ತಿಲ್ಲ. ಇಂದಿನ ಶಾಲೆಯ ಲೆಕ್ಕದಲ್ಲಿ ಇದು ತಿರುಗಿ ನಿಂತಿದೆ: ನಾಣ್ಯದ ಮೇಲೆ ಮುಖಬೆಲೆ ಅಚ್ಚಾಗಿರುತ್ತದೆ, ಹುಡುಕಬೇಕಾದದ್ದು ಎಷ್ಟು ನಾಣ್ಯವೆಂದು.

628ರಲ್ಲಿ ಬ್ರಹ್ಮಗುಪ್ತ ಹಲವು ಅವ್ಯಕ್ತಗಳಿಗೆ ಬಣ್ಣಗಳ ಹೆಸರಿಟ್ಟು ಸಮೀಕರಣ ಬಿಡಿಸಿದ. ಆದರೆ ಲೆಕ್ಕಕ್ಕೆ ಕಥೆಯ ರುಚಿ ಹತ್ತಿಸಿದವನು ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ. 'ಗಣಿತಸಾರಸಂಗ್ರಹ'ದ ಮೂವರು ವರ್ತಕರಿಗೆ ದಾರಿಯಲ್ಲಿ ಹಣದ ಚೀಲ ಕಾಣುತ್ತದೆ. ಇದು ಸಿಕ್ಕರೆ ನಿಮ್ಮಿಬ್ಬರ ಒಟ್ಟು ಹಣದ ಎರಡರಷ್ಟು ನನ್ನದು ಎನ್ನುತ್ತಾನೆ ಒಬ್ಬ. ಎರಡನೆಯವನು ಮೂರರಷ್ಟು, ಮೂರನೆಯವನು ಐದರಷ್ಟು ಎನ್ನುತ್ತಾರೆ. ಚೀಲವೂ ಸೇರಿ ಎಲ್ಲ ಹಣ 24 ಎಂದಿಟ್ಟುಕೊಳ್ಳಿ. ಮೊದಲನೆಯವನನ್ನು ಬಿಟ್ಟ ಇಬ್ಬರದು ಮೂರನೆಯ ಒಂದು ಪಾಲು, 8. ಹಾಗೆಯೇ ಉಳಿದ ಜೋಡಿಗಳದು 6 ಮತ್ತು 4. ಕೂಡಿದರೆ 18; ಇದರಲ್ಲಿ ಒಬ್ಬೊಬ್ಬನೂ ಎರಡು ಸಲ ಬಂದಿರುವುದರಿಂದ ಮೂವರದೂ ಸೇರಿ ಅದರ ಅರ್ಧ, 9. ಹಾಗಾಗಿ ವರ್ತಕರ ಕೈಯಲ್ಲಿ 1, 3, 5; ಚೀಲದಲ್ಲಿ 15. ಎಲ್ಲವನ್ನೂ ಇಮ್ಮಡಿ ಮಾಡಿದರೂ ಉತ್ತರ ಸರಿಯೇ. ಒಂದೂ ಮೊತ್ತ ಹೇಳದೆ ಪ್ರಮಾಣ ಕಂಡುಹಿಡಿಸುವ ಈ ಜಾಣ್ಮೆ ನಮ್ಮ ಪಠ್ಯಪುಸ್ತಕಗಳಲ್ಲಿ ಅಪರೂಪ.

12ನೆಯ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಅದೇ ಶತಮಾನದ ಭಾಸ್ಕರಾಚಾರ್ಯನ 'ಲೀಲಾವತಿ' ಶುರುವಿನಲ್ಲೇ ನಾಣ್ಯದ ಕೋಷ್ಟಕ ಕೊಡುತ್ತದೆ: 20 ಕವಡೆಗೆ ಕಾಕಿಣಿ, 4 ಕಾಕಿಣಿಗೆ ಪಣ, 16 ಪಣಕ್ಕೆ ದ್ರಮ್ಮ, 16 ದ್ರಮ್ಮಕ್ಕೆ ನಿಷ್ಕ. ಇಂಥ ಕೋಷ್ಟಕದ ಕಾಟ ಬಹುಕಾಲ ಬಿಡಲಿಲ್ಲ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 5 ರೂಪಾಯಿ 7 ಆಣೆ 9 ಪೈ ಎಂದರೆ 1053 ಪೈ. ಸಮೀಕರಣಕ್ಕೆ ಬರುವಷ್ಟರಲ್ಲೇ ಹುಡುಗರು ಸುಸ್ತು! 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದ ಮೇಲೆ ಆ ಹೊರೆ ಇಳಿಯಿತು, ಬೀಜಗಣಿತ ಬರಿಗಣ್ಣಿಗೆ ಕಂಡಿತು.

ತಪ್ಪು ಮಾತ್ರ ನಿಲ್ಲಲಿಲ್ಲ. 2 ಮತ್ತು 5 ರೂಪಾಯಿಯ 50 ನಾಣ್ಯ, ಒಟ್ಟು 160 ರೂಪಾಯಿ. ಎಣಿಕೆಗೆ ಒಂದು ಸಮೀಕರಣ, ಬೆಲೆಗೆ ಇನ್ನೊಂದು. ಮಕ್ಕಳು ಎರಡನ್ನೂ ಕಲಸಿಬಿಡುತ್ತಾರೆ. ಚರಾಕ್ಷರಕ್ಕೆ ಮುಂಚೆ ಬಾಯಿಲೆಕ್ಕ ಕಲಿಸುವುದೇ ಮೇಲೆಂದು ನನ್ನ ಎಣಿಕೆ. ಎಲ್ಲವೂ ಎರಡರದೇ ಆಗಿದ್ದರೆ 100, 60 ಹೆಚ್ಚಿದೆ, ಒಂದೊಂದು ಐದರ ನಾಣ್ಯ 3 ಹೆಚ್ಚಿಸುತ್ತದೆ. ಹಾಗಾಗಿ ಐದರದು 20, ಎರಡರದು 30. ಮೊತ್ತವನ್ನು 161 ಮಾಡಿ ನೋಡಿ: ಸಮೀಕರಣ ತಕರಾರಿಲ್ಲದೆ ಇಪ್ಪತ್ತೂ ಮೂರನೆಯ ಒಂದು ನಾಣ್ಯ ಎನ್ನುತ್ತದೆ, ಅಂಥ ಚೀಲವೇ ಇರುವುದಿಲ್ಲ.